ಹಲ್ಲುಕಳ್ಳನ ಮುಖ

ಆ ಮನೆಯಲ್ಲಿ ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ. ಯಾರೂ ಬೈಯುತ್ತಿರಲಿಲ್ಲ. ಗಂಡ ಸಜ್ಜನ. ಅತ್ತೆಯ ಬಾಯಿ ಸ್ವಲ್ಪ ಜೋರಾದರೂ ಮನಸ್ಸು ಮೆತ್ತಗೆ. ಆದರೆ ಏನಾದರೂ ತೀರ್ಮಾನ ಮಾಡುವ ಹೊತ್ತು ಬಂದಾಗ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರೇ ಹೊರತು ಇವಳ ಕಡೆ ಯಾರ ಕಣ್ಣೂ ತಿರುಗುತ್ತಿರಲಿಲ್ಲ. ಅದರಲ್ಲಿ ಅವಳ ಪಾಲೂ ಇತ್ತೆನ್ನಿ. ಏನು ಕೇಳಿದರೂ ಅವಳದು ಒಂದೇ ಉತ್ತರ: "ಇರಬಹುದೇನೋ." ಹಾಲು ಕೆಟ್ಟಿದೆಯಾ? ಇರಬಹುದೇನೋ. ಹೊರಗೆ ಮಳೆಯಾ? ಇರಬಹುದೇನೋ. ಒಮ್ಮೆ ಗಂಡ ಒಳ್ಳೆಯ ಲಹರಿಯಲ್ಲಿದ್ದಾಗ, ನನ್ನ ಮೇಲೆ ಪ್ರೀತಿ ಇದೆಯೇನೇ ಎಂದು ಕೇಳಿದ್ದಕ್ಕೂ ಅಭ್ಯಾಸಬಲದಿಂದ ಅದೇ ಮಾತು ಬಾಯಿಗೆ ಬಂದು, ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ.

ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಎಲ್ಲರೂ ಪರವೂರಿಗೆ ಹೊರಟಾಗ, ನಲ್ಲಿ ನಿಲ್ಲಿಸಿದ್ದೀಯಾ ಎಂದು ಅತ್ತೆ ಕೇಳಿದ್ದರು. ಖಂಡಿತ ನಿಲ್ಲಿಸಿದ್ದೇನೆ ಎಂದಿದ್ದಳು. ವಾಪಸು ಬಂದಾಗ ಚಪ್ಪಲಿಗಳು ನಡುಮನೆಯಲ್ಲಿ ದೋಣಿಗಳ ಹಾಗೆ ತೇಲುತ್ತಿದ್ದವು. ಆಗ ಯಾರೂ ರೇಗಲಿಲ್ಲ, ನಕ್ಕರು. ಆದರೆ ಆ ನಗು ಮುಗಿಯಲೇ ಇಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಆ ಕಥೆ ಬಡಿಸಿದರು, ವರ್ಷಗಟ್ಟಲೆ ಬಡಿಸಿದರು. ಗಟ್ಟಿಯಾಗಿ ಹೇಳಿ ತಪ್ಪಿದರೆ ಜನ್ಮಪೂರ್ತಿ ನೆನಪಿಡುವ ಮನೆ ಇದು ಎಂದು ಅವಳಿಗೆ ಅರ್ಥವಾಯಿತು. 'ಇರಬಹುದೇನೋ' ಎಂದವಳನ್ನು ಯಾರು ತಾನೇ ಹಿಡಿಯಬಲ್ಲರು? ಅದೊಂದು ಗುಬ್ಬಚ್ಚಿಗೂಡು. ಇಕ್ಕಟ್ಟು ನಿಜ, ಆದರೆ ಕಲ್ಲು ಬೀಳುವುದಿಲ್ಲ.

ಮಾವ ಬಿಟ್ಟುಹೋದ ಫೋಟೋ ಸ್ಟುಡಿಯೋ ಮನೆಯಿಂದ ಎರಡು ಬೀದಿ ಆಚೆಗಿತ್ತು. ಗಂಡ ಮದುವೆ, ಸಭೆ, ಸಮಾರಂಭ ಅಂತ ಕ್ಯಾಮರಾ ಹೊತ್ತು ತಿರುಗುತ್ತಿದ್ದುದರಿಂದ ಅಂಗಡಿಯಲ್ಲಿ ಕೂರುವವಳು ಅವಳೇ. ಬೀದಿಗೆಲ್ಲ ಅವಳು ಸ್ಟುಡಿಯೋ ಅಕ್ಕ. ಒಂದು ತಿರುಗುವ ಸ್ಟೂಲು, ಎರಡು ಛತ್ರಿ ದೀಪ, ಹಿಂದೆ ಇಳಿಬಿಟ್ಟ ನೀಲಿ ಬಟ್ಟೆ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಂತೆ ಕನ್ನಡಿಗೆ ದಾರ ಕಟ್ಟಿದ ಬಾಚಣಿಗೆ. ಕೋಟಿಲ್ಲದೆ ಬಂದವರಿಗೆಂದು ಮೊಳೆಗೆ ತೂಗುಹಾಕಿದ ಒಂದೇ ಒಂದು ಕಪ್ಪು ಕೋಟು. ಊರಿನ ಅರ್ಧ ಗಂಡಸರು ಒಂದಲ್ಲ ಒಂದು ಸಲ ಅದರೊಳಗೆ ಹೊಕ್ಕು ಹೊರಬಂದಿದ್ದರು. ಬೆನ್ನಿನ ಹೊಲಿಗೆ ಬಿಟ್ಟುಹೋಗಿತ್ತು. ಆದರೂ ಪಾಸ್‌ಪೋರ್ಟ್ ಫೋಟೋಗೆ ಬೆನ್ನು ಯಾರಿಗೆ ಬೇಕು?

ಫೋಟೋ ತೆಗೆಯುವುದು ಕ್ಷಣದ ಕೆಲಸ. ಅವಳಿಗೆ ಇಷ್ಟವಾದದ್ದು ಆಮೇಲಿನದು. ಕಂಪ್ಯೂಟರಿನ ಮುಂದೆ ಕೂತು ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ನಿದ್ದೆಗೆಟ್ಟ ರಾತ್ರಿಗಳ ಗುರುತು, ಎಲ್ಲವನ್ನೂ ಮೆಲ್ಲಗೆ ಒರೆಸಿ ತೆಗೆಯುವುದು. ಇದಕ್ಕೆ ಅವರ ಅಂಗಡಿಯ ಹೆಸರು 'ಮುಖ ತೊಳೆಯೋದು.' ಇವತ್ತು ತೊಳೆದ ಮುಖದ ಯಜಮಾನ ನಾಳೆ ಬೀದಿಯಲ್ಲಿ ಎದುರಾದರೆ ಅವಳಿಗೆ ಗುರುತು ಸಿಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಆ ಪರದೆಯ ಮೇಲೆ ಮಾತ್ರ ಅವಳದೇ ರಾಜ್ಯಭಾರ. ಯಾವ ಮಚ್ಚೆ ಇರಬೇಕು ಯಾವುದು ಹೋಗಬೇಕು ಎಂದು ಅಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ.

ಕಥೆ ಶುರುವಾದದ್ದು ಅತ್ತೆಯ ಹಲ್ಲಿನಿಂದ. ಆ ದಿನ ಅವರು ಡಾಕ್ಟರ ಹತ್ತಿರ ಹೋಗಿ ಹೊಸ ಹಲ್ಲಿನ ಸೆಟ್ಟು ತಂದಿದ್ದರು. ಹಾಕಿಕೊಂಡೇ ಬರಬಹುದಿತ್ತು. ದಾರಿಯ ಧೂಳು ಯಾಕೆ, ಮನೆಗೆ ಹೋಗಿ ಕನ್ನಡಿ ಮುಂದೆ ಹಾಕಿಕೊಂಡರಾಯಿತು ಎಂದು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕೈಚೀಲದಲ್ಲಿಟ್ಟು, ಸೊಸೆಗೆ ಮೊದಲು ತೋರಿಸೋಣ ಅಂತ ಸ್ಟುಡಿಯೋ ಮುಂದೆ ಆಟೋ ಇಳಿದರು. ಮುಸ್ಸಂಜೆ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಹಿಂದಿನಿಂದ ಬಂದವನೊಬ್ಬ ಚೀಲ ಎಳೆದ. ಅತ್ತೆ ಬಿಡಲಿಲ್ಲ. ಅವನು ಇನ್ನೊಮ್ಮೆ ಎಳೆದ. ಅತ್ತೆಯ ಕನ್ನಡಕ ಒಂದು ಕಡೆ, ಅತ್ತೆ ಒಂದು ಕಡೆ. ಅಂಗಡಿಯ ಶಟರು ಅರ್ಧ ಇಳಿಸಿ ನಿಂತಿದ್ದ ಸೊಸೆ ತಲೆ ಎತ್ತುವಷ್ಟರಲ್ಲಿ ಅವನು ಒಮ್ಮೆ ಇತ್ತ ತಿರುಗಿ, ಓಣಿಯೊಳಗೆ ಓಡಿಹೋದ.

ಕಳ್ಳನಿಗೆ ದಕ್ಕಿದ್ದು ಒಂದು ಜೊತೆ ಹಲ್ಲು, ಒಂದು ಮಡಿಸುವ ಛತ್ರಿ, ಅರ್ಧ ಪೊಟ್ಟಣ ಬಿಸ್ಕತ್ತು. ಅತ್ತೆಗೆ ದಕ್ಕಿದ್ದು ಮುರಿದ ಮುಂಗೈ. ಪ್ಲಾಸ್ಟರು ಹಾಕಿಸಿಕೊಂಡು ಮಲಗಿದವರು ನೋವಿಗೆ ನರಳುವುದಕ್ಕಿಂತ ಹಲ್ಲಿಗೆ ನರಳಿದ್ದೇ ಹೆಚ್ಚು. "ಬಿಸ್ಕತ್ತು ತಿಂದುಕೊಂಡು ಹಾಳಾಗಿ ಹೋಗಲಿ," ಎನ್ನುತ್ತಿದ್ದರು, "ನನ್ನ ಹಲ್ಲು ಯಾವ ಬಾಯಿಗೆ ಕೂರುತ್ತೆ ಆ ಮುಂಡೇದಕ್ಕೆ?" ಹೀಗೆ ಕಳ್ಳನಿಗೆ ಮನೆಯಲ್ಲಿ ಹಲ್ಲುಕಳ್ಳ ಎಂದೇ ನಾಮಕರಣವಾಯಿತು.

ಸ್ಟೇಷನ್ನಿನಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಹೆಂಗಸು, ಚುರುಕಿನವರು. ಕೆಲವು ದಿನದ ಮೇಲೆ ಅವಳನ್ನು ಕರೆಸಿ, ಮೇಜಿನ ಮೇಲೆ ಫೋಟೋಗಳನ್ನು ಸಾಲಾಗಿ ಹರಡಿದರು. ಕಪ್ಪು ಬಿಳುಪಿನ ನಕಲುಗಳು, ಕುತ್ತಿಗೆಯವರೆಗೆ ಮಾತ್ರ. ಅವಳು ನೋಡಿದಳು. ಮೊದಲ ಸಲಕ್ಕೆ ಯಾರನ್ನು ನೋಡಿದರೂ ಏನೂ ಅನ್ನಿಸಲಿಲ್ಲ. ಎರಡನೇ ಸಲ ಕಣ್ಣು ಓಡಿಸುವಾಗ ಒಂದು ಮುಖದ ಹತ್ತಿರ ಏನೋ ತಡೆಯಿತು. ಅಗಲ ಹಣೆ, ದಟ್ಟ ಹುಬ್ಬು. ಇವನನ್ನು ನೋಡಿದ ಹಾಗಿದೆ ಎಂದಳು. ಸರಿಯಾಗಿ ನೋಡಿ ಮೇಡಂ ಎಂದರು ಅವರು. ಇನ್ನೂ ನೋಡಿದಳು. ನೋಡಿದಷ್ಟೂ ಪರಿಚಯದ ಮುಖವೇ ಆಗುತ್ತ ಹೋಯಿತು. "ಇವನೇ ಇರಬಹುದೇನೋ," ಎಂದಳು.

ಸಬ್‌ಇನ್‌ಸ್ಪೆಕ್ಟರ್ ಕುರ್ಚಿಗೆ ಒರಗಿ ನಕ್ಕರು. "ಶಭಾಷ್ ಮೇಡಂ. ನಮಗೂ ಇವನ ಮೇಲೇ ಕಣ್ಣಿತ್ತು. ದಿನಾ ಮುಖ ನೋಡೋದೇ ಕೆಲಸ ನಿಮಗೆ, ತಪ್ಪುತ್ತಾ?"

ಅವನು ಬೀಗ ರಿಪೇರಿ ಮಾಡುವವನಂತೆ. ಆ ಸಂಜೆ ಅದೇ ಓಣಿಯಲ್ಲಿ ಯಾರದೋ ಬಾಗಿಲು ತೆಗೆದುಕೊಡಲು ಬಂದಿದ್ದನಂತೆ. ಚೀಲವಾಗಲಿ ಹಲ್ಲಾಗಲಿ ಅವನ ಹತ್ತಿರ ಸಿಕ್ಕಿರಲಿಲ್ಲ. ಮುದುಕರ ಮೂಳೆ ಮುರಿದ ಕೇಸು, ಸಾಬೀತಾದರೆ ಜೈಲು ತಪ್ಪದು, ಇನ್ನು ಎಲ್ಲ ನಿಮ್ಮ ಸಾಕ್ಷಿಯ ಮೇಲೇ ನಿಂತಿದೆ ಎಂದರು. ಅವಳು ತೋರಿಸಿದ ಕಡೆ ಸಹಿ ಮಾಡಿದಳು. ಎದುರುಬದುರು ನಿಲ್ಲಿಸಿ ಗುರುತು ಹಿಡಿಸುವ ಶಾಸ್ತ್ರವೊಂದು ಬಾಕಿ ಇತ್ತಂತೆ. ಇವತ್ತು ನಾಳೆ ಅಂತ ಮುಂದಕ್ಕೆ ಹೋಗಿ ಹೋಗಿ ಅದು ಎಲ್ಲರಿಗೂ ಮರೆತೇಹೋಯಿತು.

ಶಭಾಷ್ ಎಂಬ ಮಾತು ಸಣ್ಣದಲ್ಲ. ಆ ದಿನ ಮನೆಗೆ ನಡೆದು ಬರುವಾಗ ಅವಳ ಚಪ್ಪಲಿಯ ಸದ್ದು ಅವಳಿಗೇ ಬೇರೆಯಾಗಿ ಕೇಳಿತು. ಗಂಡ ಕೇಳಿದ, ಇವನೇ ಅಂತ ಹೇಳಿದೆಯಾ? ಹೂಂ ಎಂದಳು. 'ಇರಬಹುದೇನೋ' ಸ್ಟೇಷನ್ನಿನ ಮೇಜಿನ ಮೇಲೆಯೇ ಉಳಿದುಹೋಗಿತ್ತು. ಅದನ್ನು ಯಾರೂ ಎತ್ತಿಕೊಂಡು ಬರಲಿಲ್ಲ. ಗಂಡ ಮಾರನೇ ದಿನವೇ ಬೀದಿಯಲ್ಲಿ ಡಂಗುರ ಸಾರಿದ: ನಮ್ಮವಳು ಒಂದೇ ಏಟಿಗೆ ಹಿಡಿದುಬಿಟ್ಟಳು ಮಾರಾಯರೇ.

ಫೋಟೋ ತೆಗೆಸಲು ಬಂದವರೆಲ್ಲ ಸ್ಟೂಲಿನ ಮೇಲೆ ಕೂತು ಅದನ್ನೇ ಕೇಳಿದರು. ಗಲ್ಲ ಸ್ವಲ್ಪ ಕೆಳಗೆ, ಭುಜ ನೇರ ಎನ್ನುತ್ತಲೇ ಅವಳು ಹೇಳಿದಳು. ಹೇಳುತ್ತ ಹೇಳುತ್ತ ಆ ಮುಸ್ಸಂಜೆಗೆ ಬೆಳಕು ಬರತೊಡಗಿತು. ಮೊದಮೊದಲು ಅವನು ತಿರುಗಿದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲಾಮೇಲೆ ನಿಂತು ನೋಡಿದ. ಕೊನೆಕೊನೆಗೆ ದುರುಗುಟ್ಟಿಕೊಂಡೇ ನೋಡಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಕಣ್ಣು ಮುಚ್ಚಿದರೆ ನಿಜವಾಗಿಯೂ ಕಾಣುತ್ತಿದ್ದ, ಅಗಲ ಹಣೆ, ದಟ್ಟ ಹುಬ್ಬು, ಒಂದು ಕಲೆಯಿಲ್ಲದ ಚೊಕ್ಕ ಮುಖ. ಇಷ್ಟು ಸ್ಪಷ್ಟವಾಗಿ ಅವಳಿಗೆ ತನ್ನ ತಾಯಿಯ ಮುಖವೂ ನೆನಪಿರಲಿಲ್ಲ.

ಮನೆಯ ಗಾಳಿಯೇ ಬದಲಾಯಿತು. ಅತ್ತೆಗೆ ಎರಡನೇ ಸಲ ಹಲ್ಲು ಮಾಡಿಸುವಾಗ ಯಾವ ಬಣ್ಣ ಅಂತ ಡಾಕ್ಟರು ಕೇಳಿದರೆ, ಅತ್ತೆ ಸೊಸೆಯ ಕಡೆ ತಿರುಗಿ ನೀನು ಹೇಳೇ ಎಂದರು. ತೀರಾ ಬೆಳ್ಳಗೆ ಬೇಡ, ಖಂಡಿತ ಬೇಡ ಎಂದಳು. ಸ್ಕೂಟರು ಸ್ಟಾರ್ಟ್ ಆಗದೆ ಗಂಡ ಬೆವರುತ್ತಿದ್ದಾಗ ಕಿಟಕಿಯಿಂದಲೇ ಪ್ಲಗ್ ನೋಡಿ ಎಂದಳು. ಸ್ಕೂಟರಿನ ಬಗ್ಗೆ ಅವಳಿಗೆ ಗೊತ್ತಿದ್ದ ಏಕೈಕ ಪದ ಅದು. ಅದೃಷ್ಟಕ್ಕೆ ಪ್ಲಗ್ಗೇ ಕೆಟ್ಟಿತ್ತು. ನಡುಮನೆಯ ಪರದೆ ಬದಲಾಯಿತು, ಮಾವನ ಕಾಲದ ಬೀರು ಮೂಲೆ ಬದಲಿಸಿತು, ಕಸದ ಬುಟ್ಟಿ ಎಲ್ಲಿರಬೇಕು ಎಂಬ ಇಪ್ಪತ್ತು ವರ್ಷದ ವ್ಯಾಜ್ಯ ಒಂದು ಬೆಳಿಗ್ಗೆ ಅವಳ ಪರವಾಗಿ ಇತ್ಯರ್ಥವಾಯಿತು. ನಲ್ಲಿಯ ಕಥೆಯನ್ನು ಯಾರೂ ಎತ್ತಲಿಲ್ಲ. ಇಷ್ಟು ಸುಲಭವಾಗಿತ್ತೇ ಇದು ಎಂದು ಅವಳಿಗೆ ಆಶ್ಚರ್ಯ. ಜನ ಕೇಳುವುದು ಸರಿಯನ್ನಲ್ಲ, ಗಟ್ಟಿಯನ್ನು. ಇದು ಗೊತ್ತಿಲ್ಲದೆ ಅರ್ಧ ಆಯುಷ್ಯ ಗೂಡಿನೊಳಗೆ ಮುದುರಿ ಕೂತಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಬೀಗದವನ ನೆನಪು ಆಗೀಗ ಬರುತ್ತಿತ್ತು. ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದನಂತೆ ಎಂದು ಕೇಳಿದ್ದಳು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು, ಮುಂದಿನ ಮುಖ ತೊಳೆಯಲು ಕೂರುತ್ತಿದ್ದಳು.

ಕೋರ್ಟಿನ ದಿನ ಮೂವರೂ ಆಟೋ ಮಾಡಿಕೊಂಡು ಹೋದರು. ಅತ್ತೆ ಹೊಸ ಹಲ್ಲು ಹಾಕಿಕೊಂಡಿದ್ದರು. ಸಾಕ್ಷಿ ಹೇಳುವಾಗ ಜಾರೀತು ಎಂಬ ಭಯಕ್ಕೆ ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದೇ ಇದ್ದರು. ಸಾಕ್ಷಿಗಳು ಕರೆಯುವವರೆಗೆ ಹೊರಗೇ ಇರಬೇಕು, ಗಂಡ ಬೇಕಾದರೆ ಒಳಗೆ ಕೂರಬಹುದು ಎಂದರು. ಸರ್ಕಾರಿ ವಕೀಲರು ಬಗಲಲ್ಲಿ ಕಡತಗಳನ್ನಿಟ್ಟುಕೊಂಡು ಓಡಾಡುತ್ತ ಅವಳ ಹತ್ತಿರ ಒಂದು ಗಳಿಗೆ ನಿಂತರು. ಉದ್ದುದ್ದ ಏನೂ ಹೇಳಬೇಡಿ ಅಮ್ಮ, ಇದ್ದಾನಾ ಅಂತ ಕೇಳ್ತೀನಿ, ಇವನೇ ಖಂಡಿತ ಅನ್ನಿ, ಅಷ್ಟು ಸಾಕು ಎಂದರು. ಅದೇನು ಕಷ್ಟ? ಈಚೆಗೆ ಅವಳ ಬಾಯಿಗೆ ಆ ಪದ ನೀರು ಕುಡಿದಷ್ಟು ಸಲೀಸು.

ಎದುರಿನ ಬೆಂಚಿನಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು ಬಂದು ಕೂತರು. ಹೆಂಗಸು ಟಿಫಿನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು, ಯಾರಾದರೂ ಕಸಿದುಕೊಂಡಾರು ಎಂಬಂತೆ. ಗಂಡಸಿನ ಎಡಹುಬ್ಬನ್ನು ಎರಡಾಗಿ ಸೀಳಿ, ಕಣ್ಣಿನ ಪಕ್ಕದಿಂದ ಕೆನ್ನೆಯವರೆಗೆ ಇಳಿದಿದ್ದ ಒಂದು ಗಾಯದ ಗುರುತು. ಪಾಪ ಯಾರೋ, ಎಷ್ಟು ದೊಡ್ಡ ಗಾಯ ಎಂದುಕೊಂಡಳು. ಅಷ್ಟರಲ್ಲಿ ಅವರ ವಕೀಲ ಬಂದು, ಹಲ್ಲಿನ ಕೇಸು ಇನ್ನೇನು ಕೂಗ್ತಾರೆ ಎಂದು ಅವನಿಗೆ ಹೇಳಿದ. ಆ ಗಾಯದವನೇ ಬೀಗದವನು.

ತಾನು ತಿಂಗಳುಗಟ್ಟಲೆ ಕಣ್ಣು ಮುಚ್ಚಿ ನೋಡಿದ ಹಲ್ಲುಕಳ್ಳನ ಮುಖದಲ್ಲಿ ಗಾಯವಿರಲಿಲ್ಲ. ಒಂದು ಕಲೆ ಕೂಡ ಇರಲಿಲ್ಲ. ಹೊಸದಾಗಿ ಆಗಿರಬಹುದೇ? ಗಾಯದ ಗುರುತುಗಳನ್ನು ನೋಡಿ ನೋಡಿ ಪಳಗಿದ ಕಣ್ಣು ಅದು. ಬಿಳಿಚಿಕೊಂಡು ಚರ್ಮದೊಳಗೆ ಸೇರಿಹೋದ, ಬಾಲ್ಯದ್ದೇ ಇರಬೇಕಾದ ಗಾಯ. ಹಾಗಾದರೆ ಸ್ಟೇಷನ್ನಿನಲ್ಲಿ ತೋರಿಸಿದ ಫೋಟೋದಲ್ಲಿ ಅದು ಎಲ್ಲಿ ಹೋಗಿತ್ತು?

ನೆನಪು ಬಂದದ್ದು ತಲೆಯಿಂದಲ್ಲ, ಬಲಗೈಯಿಂದ. ಮೌಸು ಹಿಡಿಯುವ ಬೆರಳು ತಾನಾಗಿ ಸಣ್ಣಗೆ ಆಡಿತು. ಈ ಹುಬ್ಬು ಅವಳಿಗೆ ಗೊತ್ತು. ಮಳೆ ಶುರುವಾಗುವ ಮುಂಚೆ ಒಬ್ಬ ಬಂದಿದ್ದ. ಕಪ್ಪು ಕೋಟಿನೊಳಗೆ ನುಸುಳಿ, ಗುರುತಿನ ಚೀಟಿಗೆ ಫೋಟೋ ಬೇಕು ಎಂದಿದ್ದ. "ಗಾಯ ಮಾತ್ರ ತೆಗೆದುಬಿಡಿ ಅಕ್ಕ," ಎಂದಿದ್ದ. "ಬೀಗ ತೆಗೆಯೋನ ಮುಖದಲ್ಲಿ ಕತ್ತಿಯೇಟು ಇದ್ರೆ ಯಾರು ಒಳಗೆ ಬಿಟ್ಕೊಳ್ತಾರೆ ಹೇಳಿ." ಅವಳಿಗೆ ನಗು ಬಂದಿತ್ತು, ಅಯ್ಯೋ ಅನ್ನಿಸಿಯೂ ಇತ್ತು. ಅದಕ್ಕೇ ಉಳಿದ ಮುಖಗಳಿಗಿಂತ ಹೆಚ್ಚು ಆಸ್ಥೆಯಿಂದ ತೊಳೆದಿದ್ದಳು. ಕೆನ್ನೆಯ ಗೆರೆ ಅಳಿಸಿದಳು, ಮುರಿದ ಹುಬ್ಬನ್ನು ಕೂಡಿಸಿದಳು, ದೂರದಿಂದ ನೋಡಿ, ಹತ್ತಿರದಿಂದ ನೋಡಿ, ಆ ಮುಖದೊಂದಿಗೆ ಒಂದು ಮಧ್ಯಾಹ್ನವನ್ನೇ ಕಳೆದಿದ್ದಳು.

ಪೊಲೀಸರ ಮೇಜಿನ ಮೇಲೆ ಅವಳ ಕಣ್ಣನ್ನು ತಡೆದದ್ದು ಕಳ್ಳನಲ್ಲ. ಅವಳದೇ ಕೆಲಸ.

ಸರ್ಕಾರಿ ವಕೀಲರ ಹಿಂದೆ ಓಡಿದಳು. ಸ್ವಾಮಿ, ಒಂದು ವಿಷಯ ಹೇಳಬೇಕು ಎಂದಳು. ಈಗ ಬೇಡ ಅಮ್ಮ, ಕೇಸು ಕೂಗ್ತಾ ಇದ್ದಾರೆ, ನಿಮ್ಮ ಅತ್ತೆ ಎಲ್ಲಿ ಎಂದು ಅವರು ಒಳಗೆ ನಡೆದುಬಿಟ್ಟರು. ಅತ್ತೆ ಆಗಲೇ ಸೆರಗು ಸರಿಮಾಡಿಕೊಂಡು ಎದ್ದಿದ್ದರು. ಬೀಗದವನೂ ಅವನ ಹೆಂಡತಿಯೂ ಹಿಂದೆಯೇ ಹೋದರು. ಅವಳೊಬ್ಬಳೇ ಉಳಿದಳು.

ಅತ್ತೆ ಹೊರಗೆ ಬಂದಾಗ ಮುಖ ದೀಪ ಹಚ್ಚಿದ ಹಾಗಿತ್ತು. ಬೆಂಚಿನ ಮೇಲೆ ಕೂತು, ಅವಳ ಕಿವಿಯ ಹತ್ತಿರ ಬಾಗಿದರು.

"ಬೆರಳು ಮಾಡಿ ತೋರಿಸಿಬಂದೆ ಕಣೇ. ಇವನೇ ಅಂದೆ. ಹಲ್ಲೂ ಜಾರಲಿಲ್ಲ."

"ಅತ್ತೆ, ನಿಮ್ಮ ಕನ್ನಡಕ ಬಿದ್ದುಹೋಗಿತ್ತಲ್ಲ. ನಿಮಗೆ ಕಂಡಿತ್ತಾ?"

"ಕಾಣದೇ ಏನು? ನೀನು ಹೇಳಿದ ಹಾಗೇ ಇದ್ದ. ಅಗಲ ಹಣೆ, ದಟ್ಟ ಹುಬ್ಬು."

"ಹುಬ್ಬಿನ ಮೇಲೆ ಅಷ್ಟು ದೊಡ್ಡ ಗಾಯ ಇದೆಯಲ್ಲ?"

ಅತ್ತೆ ಒಂದು ಕ್ಷಣ ಯೋಚಿಸಿದರು. "ಆಮೇಲೆ ಎಲ್ಲೋ ಬಿದ್ದು ಮಾಡ್ಕೊಂಡಿರ್ತಾನೆ ಬಿಡು. ದೇವರು ಸುಮ್ಮನೆ ಇರ್ತಾನಾ."

ಅತ್ತೆ ಸುಳ್ಳು ಹೇಳುವವರಲ್ಲ. ಒಂದು ಚಮಚ ಸಕ್ಕರೆ ಸಾಲ ತಂದರೂ ತುಂಬಿ ತುಳುಕುವ ಹಾಗೆ ವಾಪಸು ಕೊಡುವ ಹೆಂಗಸು. ಇವಳು ಹೇಳಿ ಹೇಳಿ ಅವರ ಕಣ್ಣೊಳಗೂ ಆ ಮುಖ ಕೂರಿಸಿಬಿಟ್ಟಿದ್ದಳು. ಈಗ ತಾನು ಒಳಗೆ ಹೋಗಿ ಅಲ್ಲ ಎಂದರೆ ಒಬ್ಬ ಮನುಷ್ಯ ಜೈಲಿನಿಂದ ಉಳಿಯುತ್ತಾನೆ. ಅತ್ತೆ ತುಂಬಿದ ಕೋರ್ಟಿನಲ್ಲಿ ಸುಳ್ಳುಸಾಕ್ಷಿಯಾಗುತ್ತಾರೆ. ತಾನು? ಆ ಯೋಚನೆ ಪೂರ್ತಿಯಾಗುವ ಮೊದಲೇ ಒಳಗಿನಿಂದ ಅವಳ ಹೆಸರಿನ ಕೂಗು ಬಂತು.

ಕಟಕಟೆಯ ಕಂಬಿ ತಣ್ಣಗಿತ್ತು. ಮುಂದಿನ ಸಾಲಿನಲ್ಲಿ ಗಂಡ ಕೂತಿದ್ದ, ಹೊಸ ಅಂಗಿ ಹಾಕಿಕೊಂಡು, ಹೆಂಡತಿ ಬಹುಮಾನ ತೆಗೆದುಕೊಳ್ಳುವುದನ್ನು ನೋಡಲು ಬಂದವನ ಹಾಗೆ. ಸರ್ಕಾರಿ ವಕೀಲರು ಕೇಳಿದರು, ಆ ಸಂಜೆ ನೀವು ನೋಡಿದ ವ್ಯಕ್ತಿ ಇಲ್ಲಿದ್ದಾನಾ?

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಇಷ್ಟು ತಿಂಗಳು ಅವಳನ್ನು ಲೆಕ್ಕಕ್ಕೆ ತಂದದ್ದು ಅದೊಂದು ಮಾತು. ಬೇಡವೆಂದರೆ ಹಳೆಯ ಗೂಡೂ ಇತ್ತು. ಇರಬಹುದೇನೋ ಎಂದರೆ ಸಾಕು, ವಕೀಲರೇ ತಳ್ಳಿಕೊಂಡು ಹೋಗುತ್ತಾರೆ. ನಾಳೆ ಏನಾದರೂ ಅವಳ ಮೇಲೆ ಯಾರೂ ಬೆರಳು ತೋರಿಸಲಾರರು. ಎರಡೂ ಬಾಗಿಲು ತೆರೆದೇ ಇದ್ದವು. ಟಿಫಿನ್ ಡಬ್ಬಿಯವಳು ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಈ ಮುಖ ನನಗೆ ಗೊತ್ತು ಸ್ವಾಮಿ," ಎಂದಳು. "ಆದರೆ ಬೀದಿಯಲ್ಲಿ ನೋಡಿ ಗೊತ್ತಾಗಿದ್ದಲ್ಲ. ನನ್ನ ಅಂಗಡೀಲಿ ನೋಡಿ ಗೊತ್ತಾಗಿದ್ದು."

ಹೇಳತೊಡಗಿದ ಮೇಲೆ ಮಾತು ತಾನಾಗಿ ಬಂತು. ಫೋಟೋ ತೆಗೆದದ್ದು, ಗಾಯ ಅಳಿಸಿದ್ದು, ಗುರುತಿನ ಚೀಟಿಯ ಅದೇ ಫೋಟೋದ ನಕಲನ್ನು ಸ್ಟೇಷನ್ನಿನಲ್ಲಿ ನೋಡಿ ಪರಿಚಯದ ಮುಖ ಅನ್ನಿಸಿದ್ದು. ಸರ್ಕಾರಿ ವಕೀಲರ ಕೈಯ ಕಡತ ಮೆಲ್ಲಗೆ ಮೇಜಿಗೆ ಇಳಿಯಿತು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು.

"ಪೊಲೀಸರ ಹತ್ತಿರ ಇವನೇ ಖಂಡಿತ ಅಂತ ಹೇಳಿದ್ದಿರಾ ಇಲ್ವಾ?" ಎಂದರು ಸರ್ಕಾರಿ ವಕೀಲರು.

"ಆ ದಿನ ಇರಬಹುದೇನೋ ಅಂದಿದ್ದೆ. ಖಂಡಿತ ಅನ್ನೋದು ಆಮೇಲೆ ಬಂತು, ಎಲ್ಲರೂ ಶಭಾಷ್ ಅಂದ ಮೇಲೆ."

"ಹಾಗಾದ್ರೆ ಇವನಲ್ಲ ಅಂತೀರಾ?"

"ಅದನ್ನೂ ಹೇಳೋಕಾಗಲ್ಲ. ಕಳ್ಳನ ಮುಖ ನನ್ನ ತಲೇಲಿ ಈಗ ಇಲ್ಲ ಸ್ವಾಮಿ. ಅದಿದ್ದ ಜಾಗದಲ್ಲಿ ನಾನು ತೊಳೆದ ಫೋಟೋ ಕೂತುಬಿಟ್ಟಿದೆ."

ಸರ್ಕಾರಿ ವಕೀಲರಿಗೆ ರೇಗಿತ್ತು. ಈಗ ಹೇಳ್ತಿರೋದಾದ್ರೂ ಖಂಡಿತವಾ, ಇಲ್ಲ ಇದೂ ನಾಳೆ ಬದಲಾಗುತ್ತಾ ಎಂದು ಚುಚ್ಚಿದರು. ಅವಳು, ಫೋಟೋದಲ್ಲಿನ ಎಡಹುಬ್ಬಿನ ಅರ್ಧ ಆ ಮನುಷ್ಯನದಲ್ಲ, ಬಲಹುಬ್ಬಿನದನ್ನೇ ಮಗುಚಿ ಅಂಟಿಸಿದ್ದು, ನೋಡಿಕೊಳ್ಳಿ ಎಂದಳು. ನ್ಯಾಯಾಧೀಶರು ಕಡತದಿಂದ ಫೋಟೋ ತೆಗೆಸಿ, ಒಮ್ಮೆ ಅದನ್ನು, ಒಮ್ಮೆ ಬೀಗದವನನ್ನು, ಮತ್ತೊಮ್ಮೆ ಅದನ್ನು ನೋಡಿದರು. ಹಿಂದೆ ಯಾರೋ ಕಿಸಕ್ಕೆಂದರು. ಬೀಗದವನು ತನಗೇ ಗೊತ್ತಿಲ್ಲದಂತೆ ಕೈ ಎತ್ತಿ ಹುಬ್ಬು ಮುಟ್ಟಿಕೊಂಡ. ಅವನ ವಕೀಲ ಕೇಳಬೇಕೆಂದು ಬರೆದು ತಂದಿದ್ದ ಪ್ರಶ್ನೆಗಳನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ.

ಅತ್ತೆಯನ್ನು ಮತ್ತೆ ಕರೆಸಿದರು. ಈ ಸಲ ನ್ಯಾಯಾಧೀಶರೇ ದೂರಿನ ಪ್ರತಿ ನೋಡುತ್ತ ಮೃದುವಾಗಿ ಕೇಳಿದರು, ಕನ್ನಡಕ ಬಿದ್ದಿತ್ತೇ ಎಂದು. ಬಿದ್ದಿತ್ತು ಎಂದರು ಅತ್ತೆ. ಹಾಗಾದರೆ ಹೇಗೆ ನೋಡಿದಿರಿ? ಅತ್ತೆ ಕಟಕಟೆಯಿಂದ ಅವಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಿದ್ದರೆ ಚೆನ್ನಾಗಿತ್ತೇನೋ. "ನಮ್ಮ ಸೊಸೆ ನೋಡಿದ್ದಳಲ್ಲ," ಎಂದರು ಅತ್ತೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದೇನೆಂದು ಅವರಿಗೇ ಕೇಳಿಸಿತು. ಸೆರಗು ಬಿಗಿದುಕೊಂಡು ಇಳಿದು ಬಂದರು.

ಇನ್ನೇನಿದೆ ಈ ಕೇಸಿನಲ್ಲಿ, ಬಿಟ್ಟುಬಿಡ್ತಾರೆ ಎಂದು ಸರ್ಕಾರಿ ವಕೀಲರು ಯಾರಿಗೋ ಹೇಳುತ್ತ ಹೋದರು. ಮೆಟ್ಟಿಲ ಹತ್ತಿರ ಬೀಗದವನ ಹೆಂಡತಿ ಎದುರಾದಳು. ಕ್ಷಮಿಸಿ ಅಮ್ಮ, ನನ್ನಿಂದ ತಪ್ಪಾಯಿತು ಎಂದಳು ಇವಳು. ಆ ಹೆಂಗಸು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಒಂದು ಮಳೆಗಾಲ ಪೂರ್ತಿ ಯಾರೂ ನಮ್ಮ ಕೈಗೆ ಒಂದು ಬೀಗ ಕೊಡಲಿಲ್ಲ ಎಂದಳು. ಜಗಳದ ದನಿ ಇರಲಿಲ್ಲ. ಇವಳ ಉತ್ತರಕ್ಕೆ ಕಾಯಲೂ ಇಲ್ಲ. ಗಂಡನ ಹಿಂದೆ ಮೆಟ್ಟಿಲಿಳಿದು ಹೋದಳು. ಕ್ಷಮೆ ಕೇಳಿದ ಕೂಡಲೇ ಸಿಗುತ್ತದೆಂದು ಯಾರು ಹೇಳಿದ್ದರು?

ಆಟೋದಲ್ಲಿ ಅವಳು ನಡುವೆ ಕೂತಿದ್ದಳು. ಒಂದು ಕಡೆ ಗಂಡ ರಸ್ತೆ ನೋಡುತ್ತಿದ್ದ, ಇನ್ನೊಂದು ಕಡೆ ಅತ್ತೆ ರಸ್ತೆ ನೋಡುತ್ತಿದ್ದರು. ಅವಳಿಗೆ ನೋಡಲು ಡ್ರೈವರಿನ ಬೆನ್ನು ಮಾತ್ರ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ಇನ್ನು ಜನಕ್ಕೆ ಹೇಗೆ ಮುಖ ತೋರಿಸಲಿ ಎಂದು ಗಂಡ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ. ಪರದೆ ಹಳೆಯದಕ್ಕೇ ಬದಲಾಗುತ್ತದೆ, ಕಸದ ಬುಟ್ಟಿ ಹಿಂದಿನ ಜಾಗಕ್ಕೆ ಹೋಗುತ್ತದೆ ಎಂದುಕೊಂಡಳು. ಅಚ್ಚರಿಯೆಂದರೆ ಎದೆ ಹಗುರವಾಗಿತ್ತು. ಹೆದರಿಕೆ ಇತ್ತು, ಆದರೆ ಅದು ಬೇರೆ ಮನೆಯದೆಂಬಂತೆ ಸ್ವಲ್ಪ ದೂರ ಕೂತಿತ್ತು.

ಅತ್ತೆ ಅವಳ ಕಡೆ ತಿರುಗಿದರು. "ನನ್ನನ್ನ ಸುಳ್ಳುಗಾತಿ ಮಾಡಿದೆಯಲ್ಲೇ."

"ನಾನು ಹೇಳಿದ್ದನ್ನ ನೀವು ನಂಬಿದಿರಿ ಅತ್ತೆ. ತಪ್ಪು ನಂದು."

ಅತ್ತೆ ಮತ್ತೆ ರಸ್ತೆಯ ಕಡೆ ಮುಖ ಮಾಡಿದರು. ಒಂದು ಸಿಗ್ನಲ್ ದಾಟಿತು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, ನೆಲಕ್ಕೆ ಬಿದ್ದವಳಿಗೆ ಮುಖ ಎಲ್ಲಿಂದ ಕಾಣುತ್ತೆ, ಕಂಡದ್ದು ಚಪ್ಪಲಿ, ಅದೂ ಒಂದೇ ಕಾಲಿನದು ಎಂದರು. ಹೇಳಿದ ಮೇಲೆ ಅವರಿಗೇ ನಗು ಬಂದಿತೇನೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವಿಗೋ, ಹಲ್ಲು ಜಾರೀತೆಂಬ ಭಯಕ್ಕೋ.

ಗಂಡನಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಹಲ್ಲು ಕದ್ದವನು ಯಾರೇ?"

"ಗೊತ್ತಿಲ್ಲ ರೀ," ಎಂದಳು.

ಅವನು ತಿರುಗಿ ನೋಡಿದ. ಇಷ್ಟು ವರ್ಷದಲ್ಲಿ ಹೆಂಡತಿಯ ಬಾಯಿಂದ ಆ ಮಾತು ಹೀಗೆ, ಕುಗ್ಗದೆ ಕೊಸರದೆ ಬಂದದ್ದನ್ನು ಅವನು ಕೇಳಿರಲಿಲ್ಲ.

ಅವರ ಬಡಾವಣೆಯ ತಿರುವು ಬಂತು. ದೊಡ್ಡ ರಸ್ತೆಯಲ್ಲಿ ಗುಂಡಿ ತೋಡಿ ಹಲಗೆ ಅಡ್ಡ ಇಟ್ಟಿದ್ದರು. ಡ್ರೈವರು ವೇಗ ಇಳಿಸಿ, ಎಡಕ್ಕೆ ಹೋಗಲಾ ಬಲಕ್ಕೆ ಹೋಗಲಾ ಎಂದು ಕೇಳಿದ. ಗಂಡ ಮುನಿಸಿನಲ್ಲಿದ್ದ, ಉತ್ತರ ಕೊಡಲಿಲ್ಲ. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು.

"ಅವಳನ್ನ ಕೇಳಪ್ಪ," ಎಂದರು ಅತ್ತೆ.

"ಎಡಕ್ಕೆ," ಎಂದಳು ಅವಳು. ಆಟೋ ಎಡಕ್ಕೆ ಹೊರಳಿತು.